ಎಡೆಯ ಮೇಲಿನ ಎರಡು ಹೋಳಿಗೆ

ಗೆಳತಿಯರೇ, ಇವತ್ತು ಅಮಾವಾಸ್ಯೆ ಊಟದ ಹೊತ್ತಿಗೆ ನನಗೂ ನಾದಿನಿಗೂ ಹೋಳಿಗೆ ವಿಷಯಕ್ಕೆ ಮಾತಿಗೆ ಮಾತಾಯಿತು.

ಯಜಮಾನರು ತೀರಿಕೊಂಡ ಮೇಲೆ ಪ್ರತಿ ಅಮಾವಾಸ್ಯೆ ಅವರ ಫೋಟೊ ಮುಂದೆ ಎಡೆ ಇಡುತ್ತೇನೆ. ನನ್ನ ಊಟವಾದ ಮೇಲೆ ಅದನ್ನೂ ನಾನೇ ಉಣ್ಣುತ್ತಿದ್ದೆ. ಉಳಿದ ದಿನಗಳಲ್ಲೂ ಇಬ್ಬರಿಗೆಂದು ಬೇಯಿಸಿ ಒಬ್ಬಳೇ ಮುಗಿಸುತ್ತಿದ್ದೆ. ಈಗ ತೂಕ ಏರಿ, ಮಂಡಿ ನೋವಿಗೆ ಬಸ್ಸಿನ ಮೆಟ್ಟಿಲು ಹತ್ತುವುದೂ ಕಷ್ಟ.

ಹೊನ್ನಾಳಿಯ ಡಾಕ್ಟರು ಮೊನ್ನೆ ನೇರವಾಗಿಯೇ ಹೇಳಿದರು: "ಗದ್ದೆ ಕೆಲಸ ಬಿಟ್ಟೀರಿ, ಊಟ ಮಾತ್ರ ನಾಟಿ ಮಾಡೋ ಕಾಲದ್ದೇ ಐತೆ. ದಿನಕ್ಕೆ ಖರ್ಚಾಗೋ ಕ್ಯಾಲೊರಿಗಿಂತ ಸ್ವಲ್ಪ ಕಮ್ಮಿ ಉಂಡ್ರೆ ಮಾತ್ರ ತೂಕ ಇಳೀತೈತೆ."

ಇವತ್ತು ಅನ್ನ, ಪಲ್ಯ, ಒಂದು ಹೋಳಿಗೆಗೆ ಊಟ ಮುಗಿಸಿದೆ. ಸವಳಂಗದಿಂದ ಬಂದಿದ್ದ ನಾದಿನಿ ಎಡೆಯನ್ನು ತಂದು ನನ್ನ ಮುಂದಿಟ್ಟಳು. ತುಪ್ಪ ಸುರಿದ ಎರಡು ಹೋಳಿಗೆ.

"ಅಣ್ಣನ ಎಡೆ, ನೀವೇ ಉಣ್ಬೇಕು ಅತ್ತಿಗೆ."

"ನಂದು ಆತು ಕಣೇ. ನೀನು ಉಣ್ಣು."

"ಎಡೆಗೂ ಡಾಕ್ಟ್ರ ಲೆಕ್ಕನಾ? ಅಣ್ಣ ಬೇಜಾರು ಮಾಡ್ಕೊಳಲ್ವಾ?"

ಕಣ್ಣು ತುಂಬಿತು. ಆದರೂ ತಟ್ಟೆಯನ್ನು ಅವಳ ಕಡೆಗೇ ಸರಿಸಿದೆ.

"ಇದ್ದಾಗ ನಿಮ್ಮಣ್ಣ ತಮ್ಮ ತಟ್ಟೇಲಿ ಒಂದು ಚೂರು ಹೋಳಿಗೆ ನಂಗೆ ಬಿಟ್ಟೋರಲ್ಲ. ಈಗ ಯಾಕೆ ಬೇಜಾರು ಮಾಡ್ಕೊಂತಾರೆ?"

ಅವಳಿಗೆ ನಗು ತಡೆಯಲಾಗಲಿಲ್ಲ. ಎರಡನ್ನೂ ಉಂಡು ಈಗ ಮಲಗಿದ್ದಾಳೆ.

ಮುಂದಿನ ಅಮಾವಾಸ್ಯೆಯಿಂದ ಎಡೆಗೂ ಒಂದೇ ಹೋಳಿಗೆ. ಅವರಿಗೂ ಈಗ ಗದ್ದೆ ಕೆಲಸವಿಲ್ಲವಲ್ಲ.