ಶೇಖರನನ್ನು ಕರೆತರಲು ಹೋದ ದಿನ

ನಮ್ಮ ಜಿಲ್ಲೆ ಮದರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ, ಅಂದರೆ ೧೯೫೭ರಲ್ಲಿ, ನನ್ನ ಅಮ್ಮ ತೀರಿಕೊಂಡರು. ನಾನಾಗ ಬೆಳ್ತಂಗಡಿಯಲ್ಲಿ ಎಂಟನೆಯ ತರಗತಿಯಲ್ಲಿದ್ದೆ. ಕೊನೆಯ ತಮ್ಮ ಶೇಖರ ಹುಟ್ಟಿದ ವಾರದಲ್ಲೇ ಅಮ್ಮನಿಗೆ ಬಂದ ಬಾಣಂತಿ ಜ್ವರ ಇಳಿಯಲೇ ಇಲ್ಲ.

ಅಪ್ಪ ಪೇಟೆಯಲ್ಲಿ ಸಣ್ಣದೊಂದು ಚಹಾದ ಹೋಟೆಲು ನಡೆಸುತ್ತಿದ್ದರು. ಬೆಳಕು ಹರಿಯುವ ಮೊದಲೇ ಒಲೆ ಹಚ್ಚಲು ಹೋದರೆ ಕತ್ತಲಾದ ಮೇಲೆಯೇ ಮನೆಗೆ ಬರುವುದು. ನನ್ನ ಕೆಳಗೆ ಶಾಲೆಗೆ ಹೋಗುವ ಇಬ್ಬರು ತಮ್ಮಂದಿರು. ಶಾಲೆ ಬಿಡು ಎಂದು ನನಗೆ ಯಾರೂ ಹೇಳಲಿಲ್ಲ. ಮಗುವನ್ನು ಎತ್ತಿಕೊಳ್ಳಲು ಬೇರೆ ಯಾರೂ ಇರಲಿಲ್ಲ, ಅಷ್ಟೆ.

ದನದ ಹಾಲಿಗೆ ನೀರು ಸೇರಿಸಿ ಚಮಚದಲ್ಲಿ ಕುಡಿಸುತ್ತಿದ್ದೆ. ಕುಡಿದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಆದರೂ ನನ್ನ ಹೆಗಲಿನ ಮೇಲಲ್ಲದೆ ಬೇರೆಲ್ಲೂ ಅವನು ಮಲಗುತ್ತಿರಲಿಲ್ಲ. ನಾಲ್ಕೈದು ತಿಂಗಳಾಗುವಾಗ ಕೈಕಾಲು ಕಡ್ಡಿಯಂತಾಗಿ, ಅಳುವ ಶಕ್ತಿಯೂ ಇಲ್ಲದಾಯಿತು. ಡಾಕ್ಟರು, “ಇವನಿಗೆ ಯಾರಾದರೂ ಮೊಲೆಹಾಲು ಕೊಡುವವರು ಇದ್ದಾರಾ ನೋಡಿ” ಎಂದರು.

ಅಮ್ಮನ ತಂಗಿ, ಮೂಡಬಿದ್ರೆಯ ಚಿಕ್ಕಮ್ಮನಿಗೆ ಆಗಷ್ಟೇ ಹೆಣ್ಣುಮಗು ಹುಟ್ಟಿತ್ತು. ಅಪ್ಪ ಮತ್ತು ನಾನು ಶೇಖರನನ್ನು ಬಸ್ಸಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋದೆವು. ಚಿಕ್ಕಮ್ಮ ಅವನನ್ನು ತೆಗೆದುಕೊಂಡು ಎದೆಗೆ ಹಿಡಿದರು. ಅವನು ಹಾಲು ನುಂಗುವ ಶಬ್ದ ಜಗಲಿಯಲ್ಲಿದ್ದ ನನಗೂ ಕೇಳಿಸಿತು. ಸಮಾಧಾನವೂ ಆಯಿತು, ನನ್ನ ಕೈಯಿಂದ ಅದು ಆಗಲಿಲ್ಲವಲ್ಲ ಎಂದೂ ಅನಿಸಿತು.

“ಹಾಲು ಬಿಡಿಸಿದ ಮೇಲೆ ನೀನೇ ಬಂದು ಕರ್ಕೊಂಡು ಹೋಗು ಗಿರಿಜಾ. ಅವ ನಿನ್ನ ತಮ್ಮ ಅಲ್ವಾ” ಎಂದರು ಚಿಕ್ಕಮ್ಮ.

ಆ ಮಾತನ್ನೇ ಹಿಡಿದುಕೊಂಡು ಎರಡು ವರ್ಷ ಕಳೆದೆ. ನಡುವೆ ಎರಡು ಮೂರು ಸಲ ನೋಡಿ ಬಂದಿರಬಹುದು, ಅಷ್ಟೆ. ಮನೆಗೆಲಸದ ಜೊತೆಗೆ ಹೋಟೆಲಿಗೆ ದೋಸೆ ಹಿಟ್ಟು ಅರೆದು ಕೊಡುವ ಕೆಲಸವೂ ನನ್ನದೇ ಆಗಿತ್ತು. ಕೊನೆಗೆ ಒಂದು ದೀಪಾವಳಿ ಕಳೆದ ಮೇಲೆ ಅಪ್ಪ, “ನಾಳೆ ಹೋಗಿ ಕರ್ಕೊಂಡು ಬಾ. ಹೋಟೆಲು ಮುಚ್ಚಿ ಬರ್ಲಿಕ್ಕೆ ನನಗೆ ಆಗುವುದಿಲ್ಲ” ಎಂದರು. ಶೇಖರ ಯಾರ ಪಕ್ಕದಲ್ಲಿ ಮಲಗಬೇಕು ಎಂದು ತಮ್ಮಂದಿರಿಬ್ಬರೂ ಜಗಳವಾಡಿದರು.

ಮರುದಿನ ಮೂಡಬಿದ್ರೆಗೆ ಹೋದಾಗ ಶೇಖರ ಅಂಗಳದಲ್ಲಿ ಆಡುತ್ತಿದ್ದ. ಗುಂಡುಗುಂಡಗೆ ಆಗಿದ್ದ. ನನ್ನನ್ನು ಕಂಡವನೇ “ಅಮ್ಮಾ” ಎಂದು ಕೂಗುತ್ತಾ ಓಡಿ ಚಿಕ್ಕಮ್ಮನ ಸೀರೆಯ ಹಿಂದೆ ಅಡಗಿದ. ನನ್ನ ಕೈಗೆ ಬರಲಿಲ್ಲ. ಚಿಕ್ಕಪ್ಪ ಏನೋ ಕೆಲಸವಿದೆಯೆಂದು ಹೇಳಿ ಹೊರಗೆ ಹೋಗಿಬಿಟ್ಟರು.

ಊಟವಾದ ಮೇಲೆ ಚಿಕ್ಕಮ್ಮ ಅವನ ಅಂಗಿ ಚಡ್ಡಿಗಳನ್ನು ಒಂದೊಂದಾಗಿ ಮಡಚಿ ಚೀಲಕ್ಕೆ ತುಂಬಿದರು. “ಮೊದಲು ಸ್ವಲ್ಪ ದಿನ ಅಳ್ತಾನೆ. ಆಮೇಲೆ ಸರಿ ಆಗ್ತದೆ” ಎಂದರು. ಚೀಲದ ಬಾಯಿ ಕಟ್ಟುತ್ತಾ, “ರಾತ್ರಿ ನನ್ನ ಕಿವಿ ಹಿಡ್ಕೊಂಡೇ ಅವ ನಿದ್ದೆ ಮಾಡುವುದು. ನಿನ್ನ ಕಿವಿ ಹಿಡ್ಕೊಳ್ಳಲಿ, ಕೈ ಬಿಡಿಸಬೇಡ” ಎಂದು ಗೋಡೆಯ ಕಡೆ ತಿರುಗಿದರು.

ನಾನು ಅವನನ್ನು ಎತ್ತಿಕೊಂಡು ಹೊರಟೆ. ಬೆನ್ನು ಸೆಟೆದು, ನನ್ನ ಮುಖ ಪರಚಿ ಕಿರುಚಿದ. ಬಸ್ಸು ಬರುವ ರಸ್ತೆಗೆ ತಲುಪುವಷ್ಟರಲ್ಲಿ ಸುಸ್ತಾಗಿ ಅಳು ನಿಲ್ಲಿಸಿದ್ದ. ಬಿಕ್ಕುತ್ತಾ ನನ್ನ ಮುಖವನ್ನೇ ನೋಡಿದ. ಆಮೇಲೆ ತೀರಾ ಮೆಲ್ಲಗೆ, ದೊಡ್ಡವರಲ್ಲಿ ಕೇಳಿಕೊಳ್ಳುವ ಹಾಗೆ, “ಅಮ್ಮನತ್ರ ಹೋಗುವ” ಎಂದ.

ಬಸ್ಸು ಬಂತು. ನಿಂತಿತು. ಕಂಡಕ್ಟರು “ಹತ್ತಮ್ಮ, ಹತ್ತು” ಎಂದ. ನಾನು ಹತ್ತಲಿಲ್ಲ. ಅಮ್ಮನನ್ನು ಕಳೆದುಕೊಳ್ಳುವುದು ಹೇಗಿರುತ್ತದೆಂದು ನನಗೆ ಗೊತ್ತಿತ್ತು. ಇವನಿಗೆ ಒಮ್ಮೆ ಆಗಿತ್ತು, ಅವನ ಅರಿವಿಗೆ ಬರದೆ. ಇನ್ನೊಮ್ಮೆ ಆದರೆ ಅದನ್ನು ಮಾಡಿದವಳು ನಾನೇ ಆಗುತ್ತೇನೆ. ಬಸ್ಸು ಹೊರಟುಹೋಯಿತು.

ನಾನು ಹಿಂದಿರುಗಿ ಬಂದಾಗ ಚಿಕ್ಕಮ್ಮ ಮೆಟ್ಟಿಲಿನ ಮೇಲೆ ಕುಳಿತಿದ್ದರು. ಶೇಖರ ಅವರ ಮಡಿಲಿಗೆ ಜಾರಿದ.

“ಇಲ್ಲೇ ಇರಲಿ ಚಿಕ್ಕಮ್ಮ” ಎಂದೆ.

“ನಿನ್ನ ಅಪ್ಪ ಎಂತ ಹೇಳಿಯಾರು?”

“ಅಪ್ಪನಿಗೆ ನಾನು ಹೇಳ್ತೇನೆ.”

ಬೆಳ್ತಂಗಡಿಯಲ್ಲಿ ತಮ್ಮಂದಿರಿಬ್ಬರೂ ಹೋಟೆಲಿನ ಬಾಗಿಲಲ್ಲೇ ಕಾಯುತ್ತಿದ್ದರು. ನನ್ನ ಬರಿಗೈ ನೋಡಿ ಚಿಕ್ಕವನು ಅಳತೊಡಗಿದ. ದೊಡ್ಡವನು ಬಹಳ ದಿನ ನನ್ನಲ್ಲಿ ಮಾತು ಬಿಟ್ಟ. ನಾನು ನಡೆದದ್ದನ್ನೆಲ್ಲ ಹೇಳುವಾಗ ಅಪ್ಪ ಗ್ಲಾಸು ತೊಳೆಯುತ್ತಲೇ ಇದ್ದರು.

“ಅಲ್ಲಿ ಸರಿಯಾಗಿ ಊಟ ಮಾಡ್ತಾನಾ?” ಎಂದು ಕೇಳಿದರು.

“ಮಾಡ್ತಾನೆ.”

“ಹಾಗಾದರೆ ಇರಲಿ.” ಮುಂದೆ ಸಾಯುವವರೆಗೂ ಅವರು ಆ ವಿಷಯ ಎತ್ತಲಿಲ್ಲ. ಆದರೆ ಅಂದಿನಿಂದ ಮನೆಯ ಯಾವ ಸಂಗತಿಗೂ “ನೀನು ಎಂತ ಹೇಳ್ತಿ?” ಎಂದು ನನ್ನನ್ನು ಕೇಳತೊಡಗಿದರು. ನನಗಾಗ ಹದಿನಾರು. ಹಾಗೆ ಕೇಳಿದಾಗಲೆಲ್ಲ ನನಗೆ ಹೆದರಿಕೆಯಾಗುತ್ತಿತ್ತು.

ಶೇಖರನಿಗೆ ಎಲ್ಲವೂ ಗೊತ್ತಿದೆ. ಅವನು ದೊಡ್ಡವನಾದ ಮೇಲೆ ಚಿಕ್ಕಮ್ಮನೇ ಹೇಳಿದರಂತೆ. ವರ್ಷಕ್ಕೊಮ್ಮೆ ನನ್ನ ಮನೆಗೆ ಬರುತ್ತಾನೆ, ಹಣ್ಣು ತರುತ್ತಾನೆ, ಕುರ್ಚಿಯ ಅಂಚಿನಲ್ಲಿ ಕುಳಿತು ಮರ್ಯಾದೆಯಿಂದ ಮಾತನಾಡುತ್ತಾನೆ. ನೀರು ಬೇಕಾದರೂ ಕೇಳಿಯೇ ಕುಡಿಯುತ್ತಾನೆ. ನಾನು ಮಾಡಿದ್ದು ಸರಿಯೆಂದೇ ಈಗಲೂ ನಂಬಿದ್ದೇನೆ. ಆದರೆ ಅವನು ಬಂದು ಹೋದ ದಿನ ನನಗೆ ಯಾರೊಡನೆಯೂ ಮಾತು ಬೇಡವೆನಿಸುತ್ತದೆ.