ಮೀಸೆಯೂ ಮಾಂಟೆರೆಯೂ

ರೆಡ್‌ವುಡ್ ಸಿಟಿಯ ಆಫೀಸಿನಲ್ಲಿ ಜಯಕರನ ಕೆಲಸ, ಬೇರೆಯವರು ಬರೆದ ಸಾಫ್ಟ್‌ವೇರು ಎಲ್ಲಿ ಸೋರುತ್ತದೆ ಎಂದು ಹುಡುಕುವುದು. ಅದು 1999. ಇಸವಿ ಬದಲಾದರೆ ಕಂಪ್ಯೂಟರುಗಳ ಗತಿಯೇನೋ ಎಂದು ಲೋಕವೆಲ್ಲ ನಡುಗುತ್ತಿದ್ದಾಗ, ನಲವತ್ತೆರಡರ ಜಯಕರ ಭಾನುವಾರ ಬಂತೆಂದರೆ ಕಡಲಡಿ ಮುಳುಗುವುದನ್ನು ಕಲಿಯಲು ಫ್ರೀಮಾಂಟಿನ ಮನೆಯಿಂದ ಒಂದೂವರೆ ಗಂಟೆ ಕಾರೋಡಿಸಿ ಮಾಂಟೆರೆಯ ದಡದಲ್ಲಿ ನಡುಗುತ್ತಿದ್ದ. ಮಲ್ಪೆಯಲ್ಲಿ ಹುಟ್ಟಿದವನಿಗೆ ಕಡಲು ಹೊಸದಲ್ಲ; ಐಸ್‌ಬಾಕ್ಸಿನಂಥ ಕಡಲು ಹೊಸದು. ಮೈಗೆ ದಪ್ಪ ರಬ್ಬರಿನ ಅಂಗಿ, ಸೊಂಟಕ್ಕೆ ಸೀಸದ ಬೆಲ್ಟು, ಬೆನ್ನಿಗೆ ಗಾಳಿಯ ಸಿಲಿಂಡರು ಏರಿಸಿ ದಡದಿಂದಲೇ ನಡೆದು ನೀರಿಗಿಳಿಯಬೇಕು. ಇಪ್ಪತ್ತೈದು ಅಡಿ ಕೆಳಗೆ ಬಂಡೆಗಳ ಸಾಲು, ಅದರ ಮೇಲೆದ್ದ ಕಡಲಪಾಚಿಯ ಕಾಡು.

ಅದನ್ನು ನೋಡುವ ಯೋಗ ಮಾತ್ರ ಕೂಡಿಬರಲಿಲ್ಲ. ಮುಳುಗುವವರ ಮಾಸ್ಕು ಮೂಗನ್ನೂ ಮುಚ್ಚುತ್ತದೆ. ಅದರ ಅಂಚು ಮೇಲ್ದುಟಿಗೆ ಅಂಟಿ ಕೂರಬೇಕು. ಜಯಕರನ ಪೊದೆಮೀಸೆ ಅಂಟಗೊಡಲಿಲ್ಲ. ಮೂರು ಸಲ ಇಳಿದ, ಮೂರು ಸಲವೂ ಕಣ್ಣತನಕ ಉಪ್ಪುನೀರು, ದಡಕ್ಕೆ ವಾಪಸು. ವ್ಯಾಸಲೀನು ಬಳಿದು ನೋಡಿದ್ದೂ ಆಯಿತು. ಕಲಿಸುವಾಕೆ ಲಿಂಡಾ ಕೊನೆಗೆ ಹೇಳಿಬಿಟ್ಟಳು: ಬರುವ ಭಾನುವಾರದ ಪರೀಕ್ಷೆ ಪಾಸಾಗದಿದ್ದರೆ ಮುಳುಗುವ ಪರವಾನಗಿಯ ಕಾರ್ಡಿಲ್ಲ, ಕಾರ್ಡಿಲ್ಲದವನ ಸಿಲಿಂಡರಿಗೆ ಯಾವ ಅಂಗಡಿಯೂ ಗಾಳಿ ತುಂಬುವುದಿಲ್ಲ. ಮೀಸೆ ತೆಗಿ.

ಲಿಂಡಾಳಿಗೆ ಅದು ಎರಡು ನಿಮಿಷದ ಮಾತು. ಜಯಕರನ ಮನೆತನದಲ್ಲಿ ಮೀಸೆ ಅಪ್ಪನಿಗೆ ಮೀಸಲು: ಅಪ್ಪ ತೀರಿಕೊಂಡ ಮೇಲೆಯೇ ಅದಕ್ಕೆ ಬ್ಲೇಡು. ಅಪ್ಪನೋ, ಎಂಬತ್ತರಲ್ಲೂ ದಿನಾ ಬಂದರಿಗೆ ನಡೆದುಹೋಗಿ ಬಂಗುಡೆಗೆ ಚೌಕಾಸಿ ಮಾಡುವವರು.

"ಬೋಳಿಸಿಕೊಂಡು ಇಂಡಿಯನ್ ಗ್ರೋಸರಿಗೆ ಹೋಗಿ ನೋಡಿ," ಅಂದಳು ಹೆಂಡತಿ ಜಯಂತಿ. "ದುಃಖ ಹಂಚಿಕೊಳ್ಳುವವರ ಕ್ಯೂ ನಿಲ್ಲುತ್ತದೆ."

ಶನಿವಾರ ಜಯಕರ ಊರಿಗೆ ಫೋನು ಮಾಡಿದ. ಸೆಕೆ, ಮೀನಿನ ದರ, ಮೊಣಕಾಲು ನೋವು ಎಲ್ಲ ಸುತ್ತಿ ಬಂದು ವಿಷಯ ಹೇಳಿದ. ಅಪ್ಪ ಕೇಳಿದ್ದು ಒಂದೇ ಮಾತು.

"ಕಡಲಿಗೆ ಇಳಿಯಲಿಕ್ಕಾ?"

"ಹೌದಪ್ಪ."

"ತೆಗಿ ಮಾರಾಯ. ನಾನು ಹೋಗುವಷ್ಟರಲ್ಲಿ ಮತ್ತೆ ಬೆಳೆದಿರ್ತದೆ. ಆಗ ಇನ್ನೊಮ್ಮೆ ತೆಗಿ."

ಭಾನುವಾರ ಬಂಡೆಯ ಪಕ್ಕ ಮರಳಿನಲ್ಲಿ ಮಂಡಿಯೂರಿದ ಬೋಳುಮುಖದ ಜಯಕರನಿಗೆ ಲಿಂಡಾ ಸನ್ನೆ ಮಾಡಿದಳು: ಮಾಸ್ಕಿನೊಳಗೆ ನೀನೇ ನೀರು ಬಿಟ್ಟುಕೋ, ಮೂಗಿನಿಂದ ಊದಿ ಹೊರಹಾಕು. ಪರೀಕ್ಷೆಯೇ ಅದು. ಬೇಡವೆಂದರೂ ನುಗ್ಗುತ್ತಿದ್ದ ನೀರನ್ನು ಈಗ ಅಂಚೆತ್ತಿ ಕರೆಯಬೇಕಾಯಿತು. ಬಂತು, ಊದಿದ, ಹೋಯಿತು. ಆಮೇಲೆ ಒಂದು ಹನಿಯೂ ಒಳಗೆ ಬರಲಿಲ್ಲ. ಲಿಂಡಾ ನೀರಿನಡಿಯಲ್ಲೇ ಕೈ ಕುಲುಕಿದಳು.

ಎದುರಿನ ಬಂಡೆಯ ಮೇಲೆ ಇಪ್ಪತ್ತು ತೋಳಿನ ನಕ್ಷತ್ರಮೀನೊಂದು ಯಾವ ಅವಸರವೂ ಇಲ್ಲದೆ ಹತ್ತುತ್ತಿತ್ತು. ಮೇಲೆ ಹೋಗೋಣವೆಂದು ಲಿಂಡಾ ಎರಡು ಸಲ ಸನ್ನೆ ಮಾಡಿದಳು. ಎರಡು ಸಲವೂ ಜಯಕರ, ಸ್ವಲ್ಪ ತಡಿ ಎಂದು ಅಂಗೈ ತೋರಿಸಿ, ಅದು ಬಂಡೆಯ ತುದಿ ಮುಟ್ಟುವುದನ್ನೇ ನೋಡುತ್ತಿದ್ದ.