ಅಜ್ಜಿಯ ಪುನುಗು ಬೆಕ್ಕು

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಆಗ ನಮ್ಮದು ತಮಿಳುನಾಡಿನ ತಾಂಬರಂನಲ್ಲಿ ರೈಲ್ವೆ ಕ್ವಾರ್ಟರ್ಸಿನ ಹೆಂಚಿನ ಮನೆ. ಬೇಸಿಗೆ ರಜೆಯಲ್ಲೂ ಬೆಳಗಿನ ಕೆಲಸಗಳು ತಪ್ಪುತ್ತಿರಲಿಲ್ಲ. ಆ ದಿನವೂ ಹಾಗೆಯೇ. ನಲ್ಲಿ ನಿಲ್ಲುವ ಮೊದಲು ಡ್ರಮ್ಮು ತುಂಬಿಸಿದೆವು. ಅಮ್ಮ ಹಳೇ ಸೀರೆ ಹಾಸಿ ಸಂಡಿಗೆ ಇಟ್ಟಳು. ನಾನು ಛತ್ರಿ ಹಿಡಿದು ಕಾಗೆ ಕಾಯಲು ಕೂತೆ. ಅಜ್ಜಿ ಕನಕಾಂಬರ ಕಟ್ಟಿ ಮುಗಿಸಿದರು. ಅಪ್ಪ ಕೆಲಸಕ್ಕೆ ರಜೆ ಹಾಕಿದ್ದರು. ಎರಡು ವರ್ಷ ಅರ್ಜಿ ಬರೆದು ಬರೆದು, ಕೊನೆಗೆ ಹೆಂಚು ಸರಿಮಾಡುವವರು ಆ ದಿನ ಬರುವವರಿದ್ದರು.

ಅವರು ಬರುವುದು ನನಗೆ ಬೇಡವಾಗಿತ್ತು. ಅಜ್ಜಿಯ ಮಂಚದ ನೇರ ಮೇಲೆ, ಹೆಂಚಿಗೂ ಹಲಗೆಗೂ ನಡುವೆ, ಒಂದು ಪ್ರಾಣಿ ಮರಿ ಹಾಕಿತ್ತು. ಒಲೆ ಹಚ್ಚದ ಹೊತ್ತಿನಲ್ಲೂ ಆ ಕೋಣೆಯಲ್ಲಿ ಗಂಧಸಾಲೆ ಅಕ್ಕಿ ಬೆಂದ ಪರಿಮಳ. ಪಕ್ಕದ ಮನೆಯವರು ದಿನಾ ಅಂಥ ಅಕ್ಕಿ ಬೇಯಿಸುತ್ತಾರಲ್ಲ ಎಂದು ಅಮ್ಮ ಮೊದಮೊದಲು ಕರುಬಿದ್ದಳು. ಅಜ್ಜಿ ಮೂಗೆತ್ತಿ ತೀರ್ಪು ಕೊಟ್ಟಿದ್ದರು: "ಪುನುಗು ಕಣೇ ಇದು! ತಿಮ್ಮಪ್ಪನಿಗೆ ಶುಕ್ರವಾರ ಹಚ್ಚೋ ಪುನುಗು. ಆ ಬೆಕ್ಕು ನಮ್ಮನೆ ಹುಡುಕ್ಕೊಂಡು ಬಂದಿದೆ."

ತಿರುಪತಿ ತಿಮ್ಮಪ್ಪ ನಮ್ಮ ಮನೆದೇವರು. ಅಂದಿನಿಂದ ಆ ಮೂಲೆಗೆ ಯಾರೂ ಕೋಲು ತಟ್ಟುವಂತಿರಲಿಲ್ಲ.

ಅದು ಪುನುಗು ಬೆಕ್ಕಲ್ಲ ಎಂದು ನನಗೆ ಗೊತ್ತಿತ್ತು. ಶಾಲೆಯ ಲೈಬ್ರರಿ ಪುಸ್ತಕದಲ್ಲಿ ಚಿತ್ರ ನೋಡಿದ್ದೆ. ಪುನುಗು ಬೆಕ್ಕಿನ ಬಾಲಕ್ಕೆ ಬಳೆ ತೊಟ್ಟ ಹಾಗೆ ಪಟ್ಟೆಗಳು. ಅದು ಹೆಚ್ಚಾಗಿ ನೆಲದ ಮೇಲೆ ಓಡಾಡುವಂಥದ್ದು. ನಮ್ಮದು ಮುಸ್ಸಂಜೆಗೆ ಹೆಂಚಿನಿಂದ ಮಾವಿನ ಕೊಂಬೆಗೆ ಹಾರುವಾಗ ನಾನು ಕಂಡದ್ದು ಪಟ್ಟೆಯಿಲ್ಲದ ಕಪ್ಪು ಬಾಲ, ಕಾಡಿಗೆ ಮೆತ್ತಿದಂಥ ಮುಖ. ಅದು ಪುನುಗಿನ ದಾಯಾದಿ, ತಮಿಳಿನವರು ಮರನಾಯ್ ಎನ್ನುವ ಬೆಕ್ಕು. ನಾನು ಬಾಯಿ ಬಿಟ್ಟಿರಲಿಲ್ಲ.

ಹತ್ತು ಗಂಟೆಗೆ ಮೇಸ್ತ್ರಿ ಏಣಿ ಹತ್ತಿ ನಾಲ್ಕು ಹೆಂಚು ಸರಿಸಿ ಕೂಗಿದ: "ಸಾರ್, ಮರನಾಯ್! ಮೂಣು ಕುಟ್ಟಿ!" ತಾಯಿ ಒಳಗೆ ಸರಿದು ಗುರ್ ಎನ್ನುತ್ತಿತ್ತು. ಗೋಣಿಚೀಲ ಕೊಟ್ಟರೆ ಮೂರು ಮರಿಗಳನ್ನೂ ಕಟ್ಟಿ ಕೆರೆಗೆ ಎಸೆದು ಬರುತ್ತೇನೆ ಎಂದ.

ಅಜ್ಜಿ ಏಣಿಯ ಬುಡಕ್ಕೇ ಬಂದರು. "ಇಳಿಯಪ್ಪ ಕೆಳಗೆ. ಅದು ದೇವರ ಬೆಕ್ಕು."

"ಸಾಮಿ ಪೂನೈ ಇಲ್ಲ ಪಾಟಿ. ಮಾಂಪಳ ತಿರುಡನ್!" ದೇವರ ಬೆಕ್ಕಲ್ಲ ಅಜ್ಜಿ, ಮಾವಿನಹಣ್ಣಿನ ಕಳ್ಳ ಎಂದು ಮೇಸ್ತ್ರಿ ನಕ್ಕ.

ಅಪ್ಪನಿಗೆ ಪೇಚು. "ಅಮ್ಮಾ, ಈಗ ವಾಪಸ್ ಕಳ್ಸಿದ್ರೆ ಇವ್ರು ಇನ್ನೆರಡು ವರ್ಷ ಈ ಕಡೆ ತಲೆ ಹಾಕಲ್ಲ. ಮಳೇಲಿ ನಿನ್ನ ಮಂಚ ದೋಣಿ ಆಗುತ್ತೆ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಪುಟ್ಟಿ, ಪ್ರಾಣಿಗಳ ಪುಸ್ತಕ ಓದ್ತಿದ್ಯಲ್ಲ. ನಿಜ ಹೇಳು, ಇದು ಪುನುಗು ಬೆಕ್ಕೇನಾ?"

ಮೇಲೆ ಮರಿಯೊಂದು ಕೀಚೆಂದಿತು.

"ಆಮಾಂಪ್ಪಾ" ಎಂದು ಹೌದೆನ್ನುವಂತೆ ತಲೆಯಾಡಿಸಿದೆ. ಸುಳ್ಳು ಹೇಳುವಾಗ ನನಗೆ ತಮಿಳೇ ಬರುತ್ತಿತ್ತು.

ಅಪ್ಪ ನನ್ನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಆ ಮೂಲೆಯೊಂದನ್ನು ಬಿಟ್ಟು ಉಳಿದದ್ದನ್ನು ಮುಗಿಸುವಂತೆ ಮೇಸ್ತ್ರಿಗೆ ಹೇಳಿದರು.

ಸಂಜೆ ಅಜ್ಜಿ ಎರಡು ಬಾಳೆಹಣ್ಣು ಸುಲಿದು ಮಾವಿನ ಮರದ ಕವಲಿನಲ್ಲಿಟ್ಟರು. "ನಮ್ಮ ನಂಜನಗೂಡಿನ ಮನೆ ಅಟ್ಟದಲ್ಲೂ ಇದ್ವು ಕಣೇ. ಬಾಳೆಗೊನೆ ಕಟ್ಟಿದ್ರೆ ಬೆಳಗಾಗೋದ್ರಲ್ಲಿ ಬರೀ ದಿಂಡು. ಮುಖಕ್ಕೆ ಮಸಿ ಬಳ್ಕೊಂಡಿರೋ ಕಳ್ಳಿ ಅಂತಿದ್ಳು ನಮ್ಮಮ್ಮ."

"ಹಾಗಾದ್ರೆ ಪುನುಗು?"

"ನೀನೇ ಹೇಳಿದ್ಯಲ್ಲೇ, ಓದಿರೋಳು" ಎಂದು ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡರು.

ದೀಪಾವಳಿ ಹೊತ್ತಿನ ಮಳೆಗೆ ಆ ಮೂಲೆ ಸೋರಿತು. ಮರಿಗಳು ಅಷ್ಟರಲ್ಲಿ ಬೆಳೆದು ಹೊರಟುಹೋಗಿದ್ದವು. ಅಜ್ಜಿ ಮಂಚವನ್ನು ಅಡುಗೆಮನೆ ಬಾಗಿಲಿಗೆ ಎಳೆಸಿ, ಸೋರುವಲ್ಲಿ ಬಕೆಟ್ ಇಟ್ಟು, ಒಂದು ದಿನವೂ ಗೊಣಗಲಿಲ್ಲ. ಅಪ್ಪನೂ ನನ್ನನ್ನು ಏನೂ ಕೇಳಲಿಲ್ಲ. ಈಗ ಆ ಮನೆಯಿಲ್ಲ, ಮಾವಿನ ಮರವಿಲ್ಲ, ಅಜ್ಜಿಯಿಲ್ಲ. ಅಣ್ಣಾ ನಗರದ ಫ್ಲಾಟಿನಲ್ಲಿ ನಮ್ಮ ತಲೆಯ ಮೇಲಿರುವುದು ಇನ್ನೊಬ್ಬರ ಮನೆಯ ನೆಲ. ಎಲ್ಲೂ ಸೋರುವುದಿಲ್ಲ. ಊರಿನಿಂದ ಯಾರಾದರೂ ಗಂಧಸಾಲೆ ಅಕ್ಕಿ ತಂದುಕೊಟ್ಟರೆ, ಅನ್ನ ಬೇಯುವಾಗ ಒಮ್ಮೆ ಮೇಲೆ ನೋಡುತ್ತೇನೆ. ಅಂಥ ಸೋರುವ ಮನೆಯಲ್ಲಿ ಬೆಳೆದೆನಲ್ಲ ಎಂದು ಸಂತೋಷವಾಗುತ್ತದೆ.

ಹೆಂಚಿನವರು ಬಂದುಹೋದ ಆ ರಾತ್ರಿ ಊಟಕ್ಕೆ ಮಧ್ಯಾಹ್ನದ ಹುಳಿ, ಬಿಸಿ ಅನ್ನ, ಗಲಾಟೆಯಲ್ಲಿ ಕಾಗೆಗಳು ತಿಂದು ಉಳಿಸಿದ್ದ ಅರೆಬರೆ ಒಣಗಿದ ಸಂಡಿಗೆ. ಸೂರಿನ ಚಿಂತೆಗೆ ಇನ್ನು ನಿದ್ದೆ ಬಂದ ಹಾಗೆಯೇ ಎಂದಿದ್ದ ಅಪ್ಪ, ಎಲ್ಲರಿಗಿಂತ ಮೊದಲು ಮಲಗಿಬಿಟ್ಟರು.